ನೂರಾ ಹನ್ನೆರಡನೇ ಪುಟ

ಸೋಮವಾರ, ಊಟ ಮುಗಿಸಿ
ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆಯಿಂದ

ಪ್ರೀತಿಯ ಕಾಯಿದೆ,

ಬೈಯುವುದಕ್ಕೆ ಮೊದಲು ಕೂತುಕೋ. ಕೂತಾಗಿದ್ದರೆ ಕನ್ನಡಕ ಹಾಕಿಕೋ. ಎರಡು ಬೀದಿ ಆಚೆ ಇರುವವನಿಗೆ ಇವನ್ಯಾಕೆ ಪತ್ರ ಬರೆದ ಅಂತ ನೀನು ಕೇಳುತ್ತೀಯ, ಗೊತ್ತು. ಎದುರಿಗೇ ಹೇಳಬೇಕೆಂದು ಮೂರು ಸಲ ನಿನ್ನ ಗಡಿಯಾರದ ಅಂಗಡಿಗೆ ಬಂದೆ. ಮೂರು ಸಲವೂ ನೀನು ಒಂದು ಕಣ್ಣಿಗೆ ಆ ಭೂತಗನ್ನಡಿ ಸಿಕ್ಕಿಸಿಕೊಂಡೇ ತಲೆ ಎತ್ತಿದೆ. ನನ್ನೊಳಗಿನ ಹಲ್ಲುಚಕ್ರವೆಲ್ಲ ಇವನಿಗೆ ಕಾಣುತ್ತಿದೆ ಅನ್ನಿಸಿ, ಬಾಯಿಗೆ ಬಂದದ್ದನ್ನು ನುಂಗಿ, ಒಂದೊಂದು ಕೈಗಡಿಯಾರದ ಪಟ್ಟಿ ಕೊಂಡು ವಾಪಸ್ಸಾದೆ. ಈಗ ನನ್ನ ಹತ್ತಿರ ಪಟ್ಟಿ ಮೂರಿವೆ, ಕಟ್ಟಿಕೊಳ್ಳಲು ಗಡಿಯಾರವಿಲ್ಲ.

ವಿಷಯಕ್ಕೆ ಬರುತ್ತೇನೆ. ಹೋದ ಗುರುವಾರ ನೀನು ನಮ್ಮ ಆಟದ ಹಳೆಯ ನಿಯಮದ ಪುಸ್ತಕವನ್ನು, ಅದೇ ಎರಡನೇ ಆವೃತ್ತಿಯನ್ನು, ಟವೆಲಿನಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡು ಬಂದೆ. ನೂರಾ ಹನ್ನೆರಡನೇ ಪುಟವನ್ನು ಇನ್ನೂರು ಪ್ರತಿ ಅಚ್ಚು ಹಾಕಿಕೊಡು, ಮುಂದಿನ ತಿಂಗಳು ಆಟಗಾರರ ಕೂಟದಲ್ಲಿ ಹಂಚುತ್ತೇನೆ, ಹೊಸ ಆವೃತ್ತಿಯವರು ಏನನ್ನು ಕಿತ್ತು ಬಿಸಾಕಿದ್ದಾರೆ ಅಂತ ಜನ ಕಣ್ಣಾರೆ ನೋಡಲಿ ಅಂದೆ. ಆಗಲಿ ಅಂದೆ ನಾನು. ಆಗಲ್ಲ ಕಣೋ. ಯಾಕೆಂದರೆ ಆ ಪುಟವನ್ನು ನಾನು ಈಗಾಗಲೇ ಒಂದು ಸಲ ಅಚ್ಚು ಹಾಕಿದ್ದೇನೆ. ಒಂದೇ ಒಂದು ಪ್ರತಿ. ಅದು ನಿನ್ನ ಪುಸ್ತಕದಲ್ಲೇ ಇದೆ.

ಇನ್ನೊಂದು ಸಲ ಓದಬೇಡ, ಸರಿಯಾಗೇ ಓದಿದ್ದೀಯ.

ಇಪ್ಪತ್ತಾರು ವರ್ಷದ ಹಿಂದೆ ಪುಸ್ತಕದ ಬೆನ್ನು ಮುರಿದಿತ್ತು. ಊರಿಗೆಲ್ಲ ಅದೊಂದೇ ಪ್ರತಿ. ನೀನು ಅದನ್ನು ನನ್ನ ಕೈಗಿತ್ತು, ಕಿಟಕಿಯಾಚೆ ನಿಂತು ಆಪರೇಷನ್ ನೋಡುವವನ ಹಾಗೆ ನೋಡುತ್ತಿದ್ದೆ. ಯಾವಾಗಲೋ ಚಹಾ ಚೆಲ್ಲಿ ಮಧ್ಯದ ಎರಡು ಹಾಳೆ ಅಂಟಿಕೊಂಡಿದ್ದವಲ್ಲ, ಹರಿದೀತು ಅಂತ ನೀನು ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲವಲ್ಲ, ಅವನ್ನು ನೀನು ಮನೆಗೆ ಹೋದ ಮೇಲೆ ನಾನು ಹಬೆ ಕೊಟ್ಟು ಬಿಡಿಸಿದೆ. ಒಳಗೆ ಒಂದು ಕಡೆ ಕೋಟೆಯ ಚಿತ್ರ. ಇನ್ನೊಂದು ಕಡೆ ಏನೂ ಇಲ್ಲ. ಅಧ್ಯಾಯ ಮುಗಿದ ಮೇಲೆ ಬಿಟ್ಟ ಖಾಲಿ ಪುಟ, ಹಾಲಿನ ಹಾಗೆ ಬೆಳ್ಳಗೆ. ನನ್ನಂಥವನ ಎದುರಿಗೆ ಖಾಲಿ ಪುಟ ಇಡಬಾರದು. ನಾಯಿಯ ಎದುರಿಗೆ ಚಪ್ಪಲಿ ಇಟ್ಟ ಹಾಗೆ.

ನಿನಗೆ ಕಾಯಿದೆ ಅಂತ ಹೆಸರಿಟ್ಟವನೂ ನಾನೇ ಅಲ್ಲವೇ. ಕಾಯಿ ಇದೆ, ಇನ್ನೂ ಹಣ್ಣಾಗಿಲ್ಲ ಅಂತ ನಗುತ್ತಿದ್ದೆ. ಮೇಜಿನ ಸುತ್ತ ಕೂತು, ಒಬ್ಬ ಕಥೆ ಹೇಳುತ್ತ, ಉಳಿದವರು ಒಬ್ಬೊಬ್ಬ ವೀರನೋ ಕಳ್ಳನೋ ಆಗಿ ಮಾತಾಡುತ್ತ, ಗೆದ್ದೆವೋ ಸೋತೆವೋ ಅನ್ನುವುದನ್ನು ದಾಳಕ್ಕೆ ಬಿಡುವ ಆಟ ಅದು. ನೀನು ಮಾತ್ರ ಚೀಲದ ತೂಕ, ಹಗ್ಗದ ಉದ್ದ, ಪಂಜಿನ ಎಣ್ಣೆ ಎಲ್ಲವನ್ನೂ ಪುಸ್ತಕ ತೆಗೆದು ಅಳೆಯುತ್ತಿದ್ದೆ. ನಿನ್ನ ಸೇನಾಪತಿ ಅದೇ ಪುಸ್ತಕದ ಯಾವುದೋ ಮೂಲೆಯ ಮಂತ್ರ ಹಿಡಿದು ನಾಲ್ಕು ಸಲ ಸತ್ತು ನಾಲ್ಕು ಸಲ ಎದ್ದು ಬಂದಿದ್ದ. ಅವನ ಕಾಟ ತಡೆಯಲಾರದೆ ನಾನು ಆ ಬಿಳಿ ಪುಟದ ಮೇಲೆ, ಅಂಗಡಿಯ ಪುಟ್ಟ ಅಚ್ಚಿನ ಯಂತ್ರದಲ್ಲಿ, ಅದೇ ಅಳತೆಯ ಅಕ್ಷರ ಜೋಡಿಸಿ ಹೀಗೆ ಅಚ್ಚು ಹಾಕಿದೆ:

"ಸತ್ತ ಪಾತ್ರ ಮರಳುವುದಿಲ್ಲ. ಯಾವ ಮಂತ್ರಕ್ಕೂ, ಯಾವ ಮದ್ದಿಗೂ, ಯಾವ ಗೆಳೆಯನ ಕಣ್ಣೀರಿಗೂ ಮರಳುವುದಿಲ್ಲ. ಆಡಿದವರು ಎದ್ದು ನಿಂತು ಪಾತ್ರದ ಹಾಳೆಯನ್ನು ತಮ್ಮ ಕೈಯಾರೆ ಹರಿಯಬೇಕು. ಉಳಿದವರು ಅಷ್ಟು ಹೊತ್ತು ಸುಮ್ಮನಿರಬೇಕು."

ಕೆಳಗೆ ಪುಟಸಂಖ್ಯೆ. ನಿಯಮದ ಹೊಟ್ಟೆಯೊಳಗೇ ಯಮನನ್ನು ಕೂರಿಸಿದೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಸೇನಾಪತಿ ಐದನೇ ಸಲ ಸಾಯಲಿ, ಪುಟ ತೋರಿಸುತ್ತೇನೆ, ಕಾಯಿದೆ ಕುಣಿದಾಡುತ್ತಾನೆ, ಆಮೇಲೆ ಹೇಳಿ ಎಲ್ಲರೂ ನಗೋಣ. ಲೆಕ್ಕಾಚಾರ ಅಷ್ಟೇ ಇತ್ತು. ಒಂದು ಭಾನುವಾರದ ತಮಾಷೆ.

ಸೇನಾಪತಿ ಸತ್ತ. ನಾನು ಪುಟ ತೋರಿಸಿದೆ. ನೀನು ಕುಣಿಯಲಿಲ್ಲ. ಎರಡು ಸಲ ಓದಿದೆ. ಇಷ್ಟು ವರ್ಷ ಪುಸ್ತಕದ ಒಂದು ಪುಟ ಓದದೇ ಆಡಿದೆನಲ್ಲ ಅಂತ ನಿನ್ನ ಮುಖ ಕಿವಿಯವರೆಗೆ ಕೆಂಪಾಯಿತು. ಆಮೇಲೆ ಎದ್ದು ನಿಂತೆ. ಹದಿನಾಲ್ಕು ವರ್ಷ ತಿದ್ದಿ, ಅಳಿಸಿ, ಬಟ್ಟೆಯ ಹಾಗೆ ಮೆತ್ತಗಾಗಿದ್ದ ಆ ಹಾಳೆಯನ್ನು ನಾಲ್ಕು ತುಂಡು ಮಾಡಿದೆ. ಆಗಿನ್ನೂ ಒಂಬತ್ತು ವರ್ಷದ ನಿನ್ನ ಮಗಳು ಪುಟ್ಟಿ ನಿನ್ನ ಕೈ ಹಿಡಿದುಕೊಂಡಳು. ಅತ್ತಿಗೆ ಹೊಲಿಗೆ ಕೆಳಗಿಟ್ಟರು. ತುಂಡುಗಳನ್ನು ಒಟ್ಟು ಮಾಡಿಟ್ಟು ನೀನು, ಈಗ ಇದು ಆಟ ಆಯಿತು ಅಂದೆ.

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಒಳಗೆ ಏನೋ ಒಂದು ಹಿಗ್ಗಿತು ಕಣೋ. ಜೀವಮಾನವೆಲ್ಲ ಬೇರೆಯವರು ಬರೆದದ್ದಕ್ಕೆ ನೂಲು ಹಾಕಿದವನು ನಾನು. ನಾನೇ ಬರೆದ ನಾಲ್ಕು ಸಾಲು ಓದಿ ಒಬ್ಬ ಮನುಷ್ಯ ಎದ್ದು ನಿಂತಿದ್ದ. ಮುಂದಿನ ಭಾನುವಾರ ಹೇಳಿದರಾಯಿತು ಅಂದುಕೊಂಡೆ. ಅಂಥ ಭಾನುವಾರಗಳು ಎಷ್ಟು ಬಂದು ಹೋದವು ಅಂತ ನೀನೇ ಎಣಿಸು.

ಆಮೇಲೆ ನೀನು ಆ ಪುಟಕ್ಕೆ ಭಕ್ತನಾದೆ. ಮೂರನೇ ಆವೃತ್ತಿ ಬಂತು, ಮಂತ್ರ ಹಗುರಾಯಿತು. ನೀನು ಕೂಟದ ಪತ್ರಿಕೆಗೆ ಬರೆದೆ. ನಾಲ್ಕನೆಯದು ಬಂತು. ಅಳತೆಪಟ್ಟಿ ಹೋಯಿತು, ಆರು ದಾಳದ ಬದಲು ಎರಡೇ ದಾಳ, ಕಥೆ ಹೇಳುವವನು ಮಾತುಮಾತಿಗೆ ನಿನಗೆ ಹೇಗನ್ನಿಸಿತು ಅಂತ ಕೇಳುವ ಕ್ರಮ ಬಂತು. ಹೊಸ ಹುಡುಗರಿಗೆ ಹಗ್ಗದ ಉದ್ದ ಬೇಡ, ಹಗ್ಗ ಹಿಡಿದವನ ಭಯ ಬೇಕು. ನೀನು ಒಂಬತ್ತು ಪುಟ ಬರೆದೆ, ಒಂಬತ್ತರಲ್ಲೂ ನೂರಾ ಹನ್ನೆರಡು. ನಾವು ನಿವೃತ್ತಿಗೆ ಹತ್ತಿರ ಬಂದಷ್ಟೂ ಅವರು ಆವೃತ್ತಿಗೆ ಹತ್ತಿರ ಬರುತ್ತಾರೆ ಅಂತ ನಾನು ನಗಿಸಿದೆ. ದೂರದ ಊರಿನ ಒಬ್ಬ ಔಷಧಿ ಅಂಗಡಿಯವನು, ನನ್ನ ಎರಡನೇ ಆವೃತ್ತಿಯಲ್ಲಿ ಆ ಪುಟ ಖಾಲಿ ಇದೆಯಲ್ಲ ಸ್ವಾಮಿ ಅಂತ ಪತ್ರಿಕೆಗೆ ಬರೆದಿದ್ದ. ಪತ್ರಿಕೆಯನ್ನು ಅಚ್ಚು ಹಾಕಿ ಹೊಲಿಯುತ್ತಿದ್ದವನು ನಾನು. ಆ ಕಾಗದ ಎಲ್ಲಿ ಹೋಯಿತು ಅಂತ ಕೇಳಬೇಡ. ಅದು ತಮಾಷೆಯಲ್ಲ, ಅದನ್ನು ತಮಾಷೆ ಅಂತ ನನಗೆ ನಾನೇ ಹೇಳಿಕೊಳ್ಳಲು ಪ್ರಯತ್ನಪಟ್ಟೆ, ಆಗಲಿಲ್ಲ.

ಇಲ್ಲಿಯವರೆಗೆ ಬರೆದದ್ದು ಸುಲಭದ್ದು.

ಆಟದಲ್ಲಿ ಅತ್ತಿಗೆಯ ಪಾತ್ರ, ಆ ದೋಣಿಯವಳು, ಸತ್ತ ದಿನ ನೆನಪಿದೆಯಲ್ಲ. ಪ್ರವಾಹದಲ್ಲಿ ನಮ್ಮನ್ನೆಲ್ಲ ದಡ ಹತ್ತಿಸಿ ತಾನು ಹೋದಳು. ಅತ್ತಿಗೆ ಎದ್ದು ನಿಂತು, ನಿನ್ನ ಮುಖ ನೋಡಿ ನಕ್ಕು, ಬಟ್ಟೆ ಕತ್ತರಿಸುವವರ ಅಚ್ಚುಕಟ್ಟಿನಲ್ಲಿ ನೇರವಾಗಿ ಹಾಳೆ ಹರಿದರು. ಅದಾಗಿ ಮೂರು ವರ್ಷಕ್ಕೆ ಅವರೇ ಹೋದರು. ಮಾರನೇ ವರ್ಷ ಪುಟ್ಟಿ ತನ್ನ ಫಿಸಿಯೋಥೆರಪಿ ಕ್ಲಿನಿಕ್ಕಿನ ಮೇಲಿನ ಕೋಣೆಗೆ ನಮ್ಮಿಬ್ಬರನ್ನೂ ಕರೆದಳು. ಮೇಜು, ಐದು ಕುರ್ಚಿ, ನಾಲ್ಕನೇ ಆವೃತ್ತಿ. ಅವಳು ಕೇಳಿದ್ದು ಒಂದೇ.

"ಅಪ್ಪ, ಒಂದೇ ಒಂದು ಮಧ್ಯಾಹ್ನ. ಅಮ್ಮನ ದೋಣಿಯವಳು ಬಂದು ನಮ್ಮನ್ನ ನದಿ ದಾಟಿಸ್ತಾಳೆ, ಅಷ್ಟೇ. ಹೊಸ ಪುಸ್ತಕದಲ್ಲಿ ಅದಕ್ಕೆ ದಾರಿ ಇದೆ."

"ನಿಮ್ಮಮ್ಮ ಎದ್ದು ನಿಂತು ಹಾಳೆ ಹರಿದಿದ್ದಾಳೆ," ಅಂದೆ ನೀನು. "ಇಲ್ಲ ಅಂದ್ಮೇಲೆ ಇಲ್ಲ."

"ಇದು ಆಟ ಅಪ್ಪ."

"ಆಟ ಅಂತಲೇ ಹೇಳ್ತಿರೋದು." ಆಮೇಲೆ ನನ್ನ ಕಡೆ ತಿರುಗಿದೆ. "ನೂರಾ ಹನ್ನೆರಡರಲ್ಲಿ ಏನಿದೆ, ನೀನೇ ಹೇಳೋ."

ನಾನು ಹೇಳಿದೆ. ಬಾಯಿಪಾಠ ಒಪ್ಪಿಸಿದೆ. ಮಂತ್ರ, ಮದ್ದು, ಕಣ್ಣೀರು, ಒಂದು ಅಕ್ಷರ ತಪ್ಪಲಿಲ್ಲ. ಪುಟ್ಟಿ ನನ್ನನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ದಾಳಗಳನ್ನು ಡಬ್ಬಿಗೆ ಹಾಕಿ ಮುಚ್ಚಿ, ಚಿಕ್ಕಪ್ಪ, ಮೆಟ್ಟಿಲ ಹತ್ತಿರ ಹುಷಾರು, ಅಪ್ಪನ ಕೈ ಹಿಡ್ಕೊಳ್ಳಿ ಅಂದಳು. ಆರು ವರ್ಷವಾಯಿತು. ಮಾತ್ರೆ ತಲುಪಿತಾ, ತಲುಪಿತು. ಕರೆಂಟ್ ಬಂತಾ, ಬಂತು. ಅಪ್ಪ ಮಗಳ ನಡುವೆ ಈಗ ಇರುವ ಮಾತು ಇಷ್ಟೇ, ತಂತಿ ಕಳಿಸಿದ ಹಾಗೆ. ನಡುವೆ ತಂತಿಯ ಬೇಲಿ ಹಾಕಿದವನು ನಾನು. ಒಂದು ಹಾಳೆಯಿಂದ ಒಂದು ಮನೆ ಹಾಳು ಮಾಡಬಹುದು ಅಂತ ನನಗೆ ಗೊತ್ತಿರಲಿಲ್ಲ ಅಂತ ಬರೆಯಹೊರಟೆ. ಮೊದಲ ದಿನ ಗೊತ್ತಿರಲಿಲ್ಲ, ನಿಜ. ಆ ಮಧ್ಯಾಹ್ನ ಗೊತ್ತಿತ್ತು.

ಇನ್ನೊಂದಿದೆ. ಬುಧವಾರ ಬುಧವಾರ ಮಂಡಿ ನೋವಿಗೆ ವ್ಯಾಯಾಮ ಅಂತ ನಾನು ಪುಟ್ಟಿಯ ಕ್ಲಿನಿಕ್ಕಿಗೆ ಹೋಗುತ್ತೇನಲ್ಲ. ನನ್ನ ಮಂಡಿಗೆ ಏನೂ ಆಗಿಲ್ಲ. ನಾಲ್ಕು ವರ್ಷದಿಂದ ಅವಳ ಮೇಜಿನಲ್ಲಿ ನಾಲ್ಕನೇ ಆವೃತ್ತಿ ಆಡುತ್ತಿದ್ದೇನೆ. ಅಲ್ಲಿ ನಾನು ಗುಡಿಯ ಗಂಟೆ ಬಾರಿಸುವ ಒಬ್ಬ ಕುರುಡ. ಹೋದ ತಿಂಗಳು ಅವನು ಸತ್ತ, ಮರುವಾರ ಮರಳಿ ಬಂದ. ಬರುವಾಗ ತನ್ನ ದನಿ ಬಿಟ್ಟು ಬರಬೇಕಾಯಿತು. ಹೊಸ ನಿಯಮ ಹಾಗಿದೆ, ಮರಳಬಹುದು, ಆದರೆ ಪ್ರೀತಿಯದ್ದೊಂದನ್ನು ಬಿಟ್ಟು ಬರಬೇಕು. ಎರಡು ಗಂಟೆ ನಾನು ಮಾತಿಲ್ಲದೆ ಆಡಿದೆ. ನಾನು! ಅದು ಸುಲಭದ ಆಟ, ಮಕ್ಕಳಾಟ ಅಂತ ನೀನು ಬರೆದ ಒಂಬತ್ತು ಪುಟವನ್ನು ಮುದುರಿ ನನ್ನ ಬಾಯಿಗೆ ತುರುಕಿದ ಹಾಗಾಯಿತು. ಇದನ್ನು ನಿನಗೆ ಹೇಳಬೇಕು ಅನ್ನಿಸಿದ್ದೇ ಅಂದು. ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಇಷ್ಟೇ. ಇನ್ನೂರು ಪ್ರತಿ ಹಾಕುವುದಿಲ್ಲ. ಕೂಟದಲ್ಲಿ ನೀನು ಅದನ್ನು ಹಂಚಿ, ಯಾರೋ ಒಬ್ಬ ತನ್ನ ಖಾಲಿ ಪುಟ ಎತ್ತಿ ತೋರಿಸಿ, ನಾಲ್ಕು ಜನರ ಮುಂದೆ ನೀನು ಕಿವಿಯವರೆಗೆ ಕೆಂಪಾಗುವುದನ್ನು ನೋಡಲಾರೆ. ಬೇಕಾದರೆ ನಾನೇ ಅಲ್ಲಿ ನಿಂತು ಹೇಳುತ್ತೇನೆ. ಪುಸ್ತಕವನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಆ ಪುಟವನ್ನು ಬೆಳಕಿಗೆ ಹಿಡಿದು ನಿನ್ನ ಭೂತಗನ್ನಡಿಯಲ್ಲಿ ನೋಡು, ಮಸಿ ಬೇರೆ ಪುಟಗಳಿಗಿಂತ ಸ್ವಲ್ಪ ನೀಲಿ. ಅವತ್ತು ಅಂಗಡಿಯಲ್ಲಿ ಅಪ್ಪಟ ಕಪ್ಪು ಇರಲಿಲ್ಲ.

ಕ್ಷಮಿಸು ಅನ್ನುವುದಕ್ಕೆ ಚಮತ್ಕಾರದ ಒಂದು ಮಾತು ಹುಡುಕಿದೆ. ಸಿಗಲಿಲ್ಲ. ಕ್ಷಮಿಸು.

ನಿನ್ನ,
ತರಲೆ

ತಾ.ಕ. ಗುರುವಾರ, ಬೆಳಿಗ್ಗೆ. ಲಕೋಟೆ ಅಂಟಿಸುವುದಕ್ಕೆ ಮೊದಲು ನಿನ್ನೆ ಈ ಪತ್ರವನ್ನು ಪುಟ್ಟಿಗೆ ಓದಿ ಹೇಳಿದೆ. ಆಟ ಮುಗಿದು ಉಳಿದವರು ಹೋಗಿದ್ದರು. ಅವಳು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಲೇ ಕೇಳಿಸಿಕೊಂಡಳು. ಅಳುತ್ತಾಳೆ, ಇಲ್ಲ ನನ್ನ ಕೆನ್ನೆಗೆ ಬಿಗಿಯುತ್ತಾಳೆ ಅಂತ ನಾನು ತಯಾರಾಗಿದ್ದೆ. ಅವಳು, "ಗೊತ್ತು ಚಿಕ್ಕಪ್ಪ," ಅಂದಳು. ಹದಿನೇಳನೇ ವಯಸ್ಸಿನಲ್ಲಿ ಬೇರೆ ಊರಿನ ಕಾಲೇಜು ಗೆಳತಿಯ ಮನೆಯಲ್ಲಿ ಇನ್ನೊಂದು ಪ್ರತಿ ನೋಡಿದ್ದಳಂತೆ. ಆ ಪುಟ ಬೆಳ್ಳಗಿತ್ತಂತೆ. ಇಂಥ ಕೆಲಸ ಇನ್ಯಾರದ್ದು ಇರತ್ತೆ ಅಂದಳು.

ಹಾಗಾದರೆ ಆ ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ನನ್ನ ಪಾಲು ಹಗುರಾಗಲಿ ಅಂತಲ್ಲ. ನಿನ್ನ ಪಾಲಿನದ್ದನ್ನು ನಾನು ಇಟ್ಟುಕೊಂಡರೆ ಅದೂ ಒಂದು ಕಳ್ಳತನ. "ಹೇಳಿದ್ದಿದ್ರೆ ಅಪ್ಪ ಸೋತು ಹೂಂ ಅಂತಿದ್ರು. ನನಗೆ ಅದು ಬೇಕಿರಲಿಲ್ಲ. ಪುಸ್ತಕದಲ್ಲಿ ಬೇಡ ಅಂತ ಇದ್ರೂ, ನನಗೋಸ್ಕರ ಹೂಂ ಅಂತಾರಾ ಅಂತ ನೋಡ್ದೆ."

ಆಮೇಲೆ ಜೋಡಿಸಿದ ಕುರ್ಚಿಗಳಿಂದ ಒಂದನ್ನು ಮತ್ತೆ ಕೆಳಗಿಳಿಸಿ ಮೇಜಿನ ಹತ್ತಿರ ಇಟ್ಟಳು. ಭಾನುವಾರ ಮೂರು ಗಂಟೆಗೆ ಅವಳು ಆ ಮೇಲಿನ ಕೋಣೆಯಲ್ಲೇ ಇರುತ್ತಾಳೆ. ನಾನು ಬರುವುದಿಲ್ಲ.