ಸೀಸೆಯಲ್ಲಿದ್ದ ಪುಡಿ

ಮಾರ್ಚ್ ೧೧, ಬುಧವಾರ

ಸೀಸೆಯಲ್ಲಿದ್ದದ್ದು ಆಲಿವೀನ್ ಎಂಬ ಹಸಿರು ಕಲ್ಲಿನ ಪುಡಿಯೇ. ಇವತ್ತು ಮೂರು ಸಲ ಅಳೆದು ನೋಡಿದೆ.

ಆರು ವರ್ಷದ ಹಿಂದೆ, ಚಂದ್ರನ ನೆಲದಿಂದ ಬಂದ ಬೆಳಕಿನ ರೋಹಿತ, ಅಂದರೆ ಸ್ಪೆಕ್ಟ್ರಮ್, ಈ ಪುಡಿಯ ರೋಹಿತಕ್ಕೆ ತಾಳೆಯಾಗದಿದ್ದಾಗ, ಬೇರೆ ಯಾವುದೋ ಕಲ್ಲನ್ನು ಅರೆದಿಟ್ಟಿದ್ದೀರಿ ಎಂದು ನಮ್ಮ ಲ್ಯಾಬಿನ ಟೆಕ್ನಿಷಿಯನ್ ಮೇಲೆ ಹರಿಹಾಯ್ದಿದ್ದೆ. "ಸರಿಯಾದ ಕಲ್ಲನ್ನೇ ಅರೆದಿದ್ದೀನಿ, ಮೇಡಂ," ಎಂದು ಅವರು ಎರಡು ಸಲ ಹೇಳಿದರು. ನನ್ನ ವರದಿಯಿಂದ ಅವರ ಕೆಲಸ ಹೋಯಿತು. ಹೋದ ವರ್ಷ ತೀರಿಕೊಂಡರು.

ತಪ್ಪು ನನ್ನದು. ಹಳೆಯ ಕಡತ ತೆರೆದು ನೋಡಿದರೆ, ಚಂದ್ರನ ಮಾಹಿತಿಯ ಪಕ್ಕ ತರಂಗಾಂತರದ ಪಟ್ಟಿಯನ್ನು ಐದು ಸಾಲು ಕೆಳಗೆ ಅಂಟಿಸಿದ್ದೆ; ಇಡೀ ರೋಹಿತವೇ ಪಕ್ಕಕ್ಕೆ ಸರಿದಿತ್ತು. ಅಷ್ಟೇ.

ಸಂಜೆ ಅವರ ಹೆಂಡತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಆಕೆ ಎದ್ದು ಹೋಗಿ, ಸುರಿಯುತ್ತಿದ್ದ ನಲ್ಲಿ ನಿಲ್ಲಿಸಿದ್ದು ಫೋನಿನಲ್ಲೇ ಕೇಳಿಸಿತು. ವಾಪಸ್ ಬಂದು ಹೇಳಿದರು:

"ಮೊದಮೊದಲು ತಪ್ಪು ನಂದಲ್ಲ ಅಂತ ನನ್ನ ಹತ್ರ ವಾದ ಮಾಡ್ತಿದ್ರು. ಆಮೇಲೆ, ಮೇಡಂ ಅಷ್ಟು ಓದಿದೋರು, ಅವರೇ ಹೇಳಿದ್ಮೇಲೆ ನನ್ನ ಕೈಯಲ್ಲೇ ಏನೋ ಹೆಚ್ಚುಕಮ್ಮಿ ಆಗಿರ್ಬೇಕು ಅಂದ್ಬಿಟ್ರು. ಕೊನೇವರೆಗೂ ಹಾಗೇ ನಂಬಿದ್ರು."

ಆಕೆಯ ದನಿಯಲ್ಲಿ ಸಿಟ್ಟೇ ಇರಲಿಲ್ಲ.

ನಾಳೆ ನಿರ್ದೇಶಕರಿಗೆ ಬರೆದು ಕೊಡುತ್ತೇನೆ. ದಾಖಲೆಯನ್ನು ತಿದ್ದಬಹುದು. ಆದರೆ ಅವರು ನಂಬಿಕೊಂಡು ಹೋದದ್ದನ್ನು ಇನ್ನು ತಿದ್ದಲಾಗದು.