ಬ್ಯಾಂಕ್ ಎಂಬ ಬಸ್ ನಿಲ್ದಾಣ ಮತ್ತು ನಮಗೆ ತಪ್ಪಿದ ಅಕ್ಷತೆ

ಸಮುದ್ರದಂಡೆಯ ಮಹಾನಗರದಲ್ಲಿ ಬಸ್ ನಿಲ್ದಾಣಗಳ ಹೊಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ,

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತದಲ್ಲಿ ತಪ್ಪುಗಳಿರುತ್ತವೆ. ಐದನೇ ಇಯತ್ತೆಗೆ ಶಾಲೆ ಬಿಟ್ಟವನ ಬರಹ ಇದು. ಆದರೂ ಬರೆಯುವ ಧೈರ್ಯ ಮಾಡಿದ್ದೇನೆ. ಯಾಕೆಂದರೆ ಇಷ್ಟೆಲ್ಲ ಓದಿದ ನಿಮ್ಮ ಕಚೇರಿ ಒಂದು ಗೋಡೆಯ ಮೇಲೆ ‘ಬಸ್ ನಿಲ್ದಾಣ’ ಎಂದು ಬರೆಯಲಾರದೆ ಕೂತಿದೆ. ತಪ್ಪಾಗಿ ಬರೆದಿದ್ದರೂ ನಮಗೆ ಸಾಕಾಗುತ್ತಿತ್ತು.

ನಾವು ಬೀದರ ಜಿಲ್ಲೆಯ ಔರಾದ ತಾಲೂಕಿನ ಚಿಂತಾಕಿಯವರು, ಕುರಿ ಸಾಕುವ ಮಂದಿ. ನನ್ನ ಅತ್ತೆ ಸತ್ಯಮ್ಮ ಮದುವೆಯಾದ ಮೇಲೆ ಗಂಡನ ಜೊತೆ ಕೆಲಸಕ್ಕೆಂದು ನಿಮ್ಮ ನಗರಕ್ಕೆ ಬಂದವಳು. ನಿಮ್ಮ ಊರಿನ ಚರಂಡಿ, ರಸ್ತೆ ತೋಡುತ್ತಲೇ ಅಲ್ಲಿಯವಳಾಗಿಬಿಟ್ಟಳು. ಅವಳ ಮಗಳು ಆರತಿಯ ಮದುವೆಗೆಂದು ನಾನೂ ನಮ್ಮಪ್ಪ ಹಣಮಂತಪ್ಪನೂ ಹೊರಟೆವು. ನಮ್ಮ ಕಡೆ ಅಕ್ಷತೆ ಬೀಳುವಾಗ ಮದುಮಗಳ ಬೆನ್ನ ಹಿಂದೆ ಸೋದರಮಾವ ನಿಂತಿರಬೇಕು. ಆರತಿಗೆ ಇರುವ ಒಬ್ಬನೇ ಸೋದರಮಾವ ನಮ್ಮಪ್ಪ. ಇದಕ್ಕೆಂದೇ ಭಾಲ್ಕಿಯಲ್ಲಿ ಹೊಸ ರುಮಾಲು ಕೊಂಡಿದ್ದ. ದಾರಿಯುದ್ದಕ್ಕೂ ಅದು ಸುಕ್ಕಾಗದಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

ಅತ್ತೆ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಸ್ಟೇಟ್ ಬ್ಯಾಂಕಿಗಿ ಬಾ ಅಣ್ಣಾ. ಅಲ್ಲೇ ಬಾಜೂಕ ಮದುವಿ ಹಾಲ್ ಅದ.”

ಆಯಿತವಾರ ಬೆಳಿಗ್ಗೆ ದೂರದೂರಿನ ಬಸ್ಸುಗಳ ನಿಲ್ದಾಣದಲ್ಲಿ ಇಳಿದೆವು. ಹೊರಗೆ ರಸ್ತೆಯಲ್ಲಿ ಓಡುವ ಸಿಟಿ ಬಸ್ಸುಗಳ ಹಣೆಯ ಮೇಲೆಲ್ಲ ‘ಸ್ಟೇಟ್ ಬ್ಯಾಂಕ್’ ಎಂದೇ ಇತ್ತು. ಅಪ್ಪ ನಿಂತು ನೋಡಿದ.

“ಈ ಊರ ಮಂದಿಗಿ ಬ್ಯಾಂಕ್ ಬಿಟ್ಟು ಬ್ಯಾರೆ ಕೆಲಸ ಇಲ್ಲೇನೋ? ಅದೂ ಆಯಿತಾರ. ಹಳೀ ಬೋರ್ಡ್ ತಗದಿಲ್ಲ ಕಾಣ್ತದ.”

ತಡವಾಗಬಾರದೆಂದು ಆಟೋ ಹಿಡಿದೆವು. “ಸ್ಟೇಟ್ ಬ್ಯಾಂಕಾ? ಬಸ್‌ಸ್ಟ್ಯಾಂಡಿಗಲ್ವಾ?” ಎಂದು ಆಟೋದವನು ಕೇಳಿದ. ಪಾಪ, ಸರಿಯಾಗಿಯೇ ಕೇಳಿದ್ದ.

“ಬಸ್‌ಸ್ಟ್ಯಾಂಡಿನಿಂದೇ ಬಂದೇವಿ ತಮ್ಮಾ. ಮತ್ತ ಬಸ್‌ಸ್ಟ್ಯಾಂಡಿಗಿ ಯಾಕ ಹೋಗ್ತೇವಿ? ಬ್ಯಾಂಕಿಗಿ ಒಯ್ಯಿ. ರೊಕ್ಕ ಇಡೋ ಬ್ಯಾಂಕ್.”

“ಇವತ್ತು ರಜೆ ಅಲ್ವಾ ಮಾರಾಯ್ರೆ?”

“ಇರ್ಲಿ ಬಿಡು. ನಮಗೇನು ರೊಕ್ಕ ತಗೀಬೇಕಾಗಿಲ್ಲ.”

ಅವನು ನಮ್ಮನ್ನು ಊರಿನ ಇನ್ನೊಂದು ತುದಿಗೆ ಒಯ್ದು, ಬಾಗಿಲು ಮುಚ್ಚಿದ ಒಂದು ಬ್ಯಾಂಕಿನ ಮುಂದೆ ಇಳಿಸಿ ಹೋದ. ಬಾಜೂಕ ಹಾಲ್ ಇಲ್ಲ. ಒಂದು ಕಡೆ ಔಷಧಿ ಅಂಗಡಿ, ಇನ್ನೊಂದು ಕಡೆ ತೆಂಗಿನ ತೋಟ. ಅತ್ತೆಗೆ ಫೋನ್ ಹಚ್ಚಿದರೆ ರಿಂಗಾಗುತ್ತದೆ, ವಾಲಗದ ಗದ್ದಲದಲ್ಲಿ ಯಾರೂ ಎತ್ತುವುದಿಲ್ಲ. ಬೆವರಿನಲ್ಲಿ ತೊಯ್ದು ಓಣಿ ಓಣಿ ಸುತ್ತಿದೆವು. ಕೊನೆಗೆ ಎಟಿಎಂ ಕಾಯುವವನಿಗೆ ನಮ್ಮ ಮೇಲೆ ಕರುಣೆ ಬಂತು. “ಅಯ್ಯೋ, ಸ್ಟೇಟ್ ಬ್ಯಾಂಕ್ ಅಂದ್ರೆ ಬ್ಯಾಂಕ್ ಅಲ್ಲ. ಅದು ಸಿಟಿ ಬಸ್‌ಸ್ಟ್ಯಾಂಡ್.”

ಮಾನ್ಯರೇ, ಈ ಮಾತನ್ನು ನೀವು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಬೇಕು. ಬೀದರಿನಲ್ಲಿ ಕಾಳಿನ ಪೇಟೆಯಾದ ಗಾಂಧಿ ಗಂಜವನ್ನು ಕೇಳಿಕೊಂಡು ಹೋದವನಿಗೆ ತೊಗರಿ ಚೀಲಗಳೇ ಸಿಗುತ್ತವೆ, ಆಸ್ಪತ್ರೆ ಸಿಗುವುದಿಲ್ಲ. ನಾವು ಹಿಂದುಳಿದವರು, ನಮ್ಮಲ್ಲಿ ಹೆಸರಿಗೂ ಜಾಗಕ್ಕೂ ಇನ್ನೂ ಸಂಬಂಧ ಉಳಿದಿದೆ. ಮುಂದುವರಿದ ನಿಮ್ಮ ನಗರ ಆ ಸಂಬಂಧವನ್ನು ಕಡಿದುಕೊಂಡಿದೆ. ಒಳ್ಳೆಯದು, ಕರೆಯುವವರು ಹೇಗೆ ಬೇಕಾದರೂ ಕರೆಯಲಿ. ಆದರೆ ಕರೆಯುವುದು ಒಂದು, ಇರುವುದು ಇನ್ನೊಂದು ಎಂದು ಹೊಸಬರಿಗೆ ತಿಳಿಸುವವರು ಯಾರು? ಆಮೇಲೆ ನಾವು ಆ ನಿಲ್ದಾಣವನ್ನೂ ಕಂಡೆವು. ಚಿನ್ನದಂಗಡಿಯ ಜಾಹೀರಾತು ಇತ್ತು, ಗಣ್ಯರು ಹಲ್ಲು ಬಿಟ್ಟು ಕೈ ಮುಗಿದ ಫೋಟೋಗಳಿದ್ದವು. ಆ ಜಾಗದ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಅಷ್ಟು ಹಲ್ಲುಗಳಿಗೆ ಜಾಗ ಇದ್ದ ಕಡೆ ನಾಲ್ಕು ಅಕ್ಷರಗಳಿಗೆ ಇಲ್ಲದೇ ಹೋಯಿತೇ?

ಹಾಲ್ ಮುಟ್ಟಿದಾಗ ಮಂದಿ ಊಟಕ್ಕೆ ಕೂತಿದ್ದರು. ಹಾಲಿಗೆ ಇನ್ನೊಂದು ಮದುವೆಯವರು ಬರುವವರಿದ್ದುದರಿಂದ ಕಾಯಲು ಬಿಡಲಿಲ್ಲವಂತೆ. ಅಪ್ಪ ನಿಲ್ಲಬೇಕಾದ ಜಾಗದಲ್ಲಿ ಅತ್ತೆಯ ಗಂಡನ ಜೊತೆ ಗಾರೆ ಕೆಲಸ ಮಾಡುವ ಕಾಶೀರಾಮ ನಿಂತಿದ್ದನಂತೆ. ಅವನೇ ಎದ್ದು ಬಂದು ಅಪ್ಪನ ಕೈ ಹಿಡಿದ. “ತಪ್ಪು ತಿಳೀಬ್ಯಾಡ್ರಿ ಅಣ್ಣಾರ. ನಿಮ್ಮ ಜಾಗಾ ಹಿಡ್ಕೊಂಡು ನಿಂತಿದ್ದೆ ಅಷ್ಟೇರಿ.”

ಅತ್ತೆ ಅಳುತ್ತಲೇ ರೇಗಿದಳು. “ಬ್ಯಾಂಕಿಗಿ ಬಾ ಅಂದ್ರ ಖರೇ ಬ್ಯಾಂಕಿಗಿ ಹೋಗ್ತಾರೇನೋ ಅಣ್ಣಾ?”

“ಮತ್ತ ಎಲ್ಲಿಗಿ ಹೋಗ್ತಾರವ್ವಾ?” ಎಂದ ಅಪ್ಪ.

ಆರತಿ ಎಲೆಯ ಮುಂದಿನಿಂದ ಎದ್ದು ಬಂದು ಅಪ್ಪನಿಗೆ ಬೆನ್ನು ಮಾಡಿ ನಿಂತಳು. “ಈಗರೆ ನಿಂದ್ರು ಮಾಮಾ. ನಾಲ್ಕು ಕಾಳು ಹಾಕ್ಲಿ.” ಅಪ್ಪ ಅವಳ ತಲೆಯ ಮೇಲೆ ಕೈ ಇಟ್ಟ. “ಬಿದ್ದ ಅಕ್ಷತಾ ಮತ್ತ ಬೀಳಂಗಿಲ್ಲ ಅವ್ವಿ. ಹೋಗು, ಉಣ್ಣು ಹೋಗು.” ಆಮೇಲೆ ಬಸ್ಸಿಳಿದಾಗ ತಲೆಗೆ ಸುತ್ತಿಕೊಂಡಿದ್ದ ರುಮಾಲು ಬಿಚ್ಚಿ ಮಡಚಿ ಚೀಲಕ್ಕೆ ಹಾಕಿದ. ಇವತ್ತಿನವರೆಗೂ ಅದನ್ನು ಸುತ್ತಿಲ್ಲ.

ಮಾರನೆಯ ದಿನ ಊರಿಗೆ ಹೊರಡುವ ಮುಂಚೆ ನಿಮ್ಮ ಕಚೇರಿಗೂ ಬಂದಿದ್ದೆವು. ನಮ್ಮ ಮಾತು ಕೇಳಿ ನಿಮ್ಮ ಸಿಬ್ಬಂದಿಯೊಬ್ಬರು ನಕ್ಕರು. “ಘಟ್ಟದ ಮೇಲಿನವರಾ? ಇಲ್ಲಿಯವರಿಗೆಲ್ಲ ಗೊತ್ತುಂಟಲ್ಲ, ಬೋರ್ಡ್ ಎಂತಕ್ಕೆ?” ಎದುರಿಗೆ ಮಾತಾಡಲು ನನಗೆ ನಾಚಿಕೆ, ಕಾಲು ನೋಡುತ್ತ ನಿಂತೆ. ಉತ್ತರ ಈಗ ಬರೆಯುತ್ತೇನೆ. ಗೊತ್ತಿರುವವರಿಗೆ ಬೋರ್ಡು ಬೇಡ, ಗೊತ್ತಿಲ್ಲದವರು ನಿಮಗೆ ಲೆಕ್ಕಕ್ಕಿಲ್ಲ ಎಂದಾದರೆ, ನಿಮ್ಮ ಕಚೇರಿಯ ಬಾಗಿಲಿಗೆ ಅಷ್ಟು ದೊಡ್ಡ ಬೋರ್ಡು ಎಂತಕ್ಕೆ? ಅಲ್ಲಿ ಕೆಲಸ ನಡೆಯುತ್ತದೆ ಎಂದು ನೋಡಿದವರಿಗೆ ಗೊತ್ತಾಗುವುದಿಲ್ಲ ಎಂದೇ?

ನನ್ನ ಬೇಡಿಕೆ ಸಣ್ಣದು. ಆ ನಿಲ್ದಾಣದ ಮೇಲೆ ಅದು ನಿಲ್ದಾಣ ಎಂದು ಬರೆಯಿಸಿರಿ. ಬಸ್ಸುಗಳ ಹಣೆಯ ಮೇಲೂ ಬ್ಯಾಂಕಿನ ಪಕ್ಕದಲ್ಲಿ ಅದೇ ಪದ ಸೇರಿಸಿರಿ. ಅಕ್ಷತೆಯನ್ನು ವಾಪಸು ಕೊಡಿ ಎಂದು ಕೇಳುತ್ತಿಲ್ಲ, ಅದು ನಿಮ್ಮ ಕೈಲಿ ಆಗುವ ಕೆಲಸವಲ್ಲ. ಇದು ಆಗುತ್ತದೆ.

ನಮ್ಮ ಚಿಂತಾಕಿಯ ಬಸ್ಸು ನಿಲ್ಲುವ ಕಡೆಯೂ ಊರ ಹೆಸರು ಅಳಿಸಿಹೋಗಿತ್ತು. ಇವತ್ತು ಬೆಳಿಗ್ಗೆ, ಕುರಿಗಳಿಗೆ ಗುರುತು ಹಾಕಿ ಉಳಿದಿದ್ದ ಕೆಂಪು ಬಣ್ಣದಲ್ಲಿ, ಅಲ್ಲಿನ ಗೋಡೆಯ ಮೇಲೆ ‘ಚಿಂತಾಕಿ’ ಎಂದು ಬರೆದು ಬಂದೆ. ‘ತಾ’ ಸ್ವಲ್ಪ ಸೊಟ್ಟಗಾಗಿದೆ.

ಇಂತಿ,
ಹೇಳಿದ ಬ್ಯಾಂಕಿಗೆ ಹೋಗಿ ಮದುವೆ ತಪ್ಪಿಸಿಕೊಂಡ ಹಣಮಂತಪ್ಪನ ಮಗ,
ಅಮೋಲ್
ಚಿಂತಾಕಿ (ಬಂದರೆ ಗೋಡೆ ನೋಡಿ ಇಳಿಯಿರಿ)