ನಿನ್ನ ಮದುವೆಯ ದಿನ ಬಂದ ಜೆಲ್ಲಿಮೀನುಗಳು

ಜೂನ್ ೧೯, ಗುರುವಾರ

ಮುದ್ದು ಚಿನ್ನಿ,

ಇಬ್ಬರೂ ಚೆನ್ನಾಗಿದ್ದೀರಾ? ಕಾಗದ ತಡವಾಯಿತು, ಬೈಕೋಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಬರೆಯೋಣವೆಂದರೆ ಕೈಯೆಲ್ಲ ಉಪ್ಪುನೀರಿಗೆ ಒಡೆದುಹೋಗಿತ್ತು.

ಮಗಳ ಮದುವೆಗೆ ಯಾಕೆ ಹೋಗಲಿಲ್ಲ ಅಂತ ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ. "ಜೆಲ್ಲಿಮೀನು" ಅಂದ ಕೂಡಲೇ ನಗುತ್ತಾರೆ. ನಿನ್ನ ಚಿಕ್ಕಮ್ಮನಂತೂ, "ಬೇರೆ ನೆಪ ಸಿಗಲಿಲ್ಲವೇನಕ್ಕಾ?" ಅಂದಳು. ನೆಪವಂತೆ! ಒಂದು ಬಕೆಟ್ ತುಂಬಿ ತಂದು ಅವಳ ಹಾಸಿಗೆ ಮೇಲೆ ಸುರಿಯಬೇಕು ಅನ್ನಿಸಿತು.

ಅವತ್ತು ಬೆಳಿಗ್ಗೆ ಡ್ಯೂಟಿ ಒಪ್ಪಿಸಿ, ನಿನ್ನ ಮದುವೆಗೆ ಬಸ್ಸು ಹಿಡಿಯಲು ಬ್ಯಾಗು ಹೆಗಲಿಗೇರಿಸಿ ಪಂಪ್‌ಹೌಸಿನ ಬಾಗಿಲು ದಾಟುತ್ತಿದ್ದೆ. ವಿದ್ಯುತ್ ಸ್ಥಾವರದ ಯಂತ್ರ ತಣಿಸಲು ಸಮುದ್ರದ ನೀರು ಎಳೆಯುತ್ತೇವಲ್ಲ, ಆ ಜಾಲರಿಗೆ ಬಂದು ಮೆತ್ತಿಕೊಂಡವು ನೋಡು. ಗಾಜಿನ ಬಟ್ಟಲು ಮಗುಚಿದಂಥವು, ನಡುವೆ ನಾಲ್ಕು ನಸುಗೆಂಪು ಬಳೆ. ಚಂದ್ರ ಜೆಲ್ಲಿಮೀನಂತೆ, ಹೆಸರೇನೋ ಚಂದ. ನೀರೇ ಕಾಣದಷ್ಟು! ಒಂದು ಪಂಪು ನಿಂತೇಹೋಯಿತು. ಇನ್ನೊಂದೂ ನಿಂತರೆ ಊರಿಗೆ, ಆಸ್ಪತ್ರೆಗೆ ಕರೆಂಟಿಲ್ಲ. ಇಂಜಿನಿಯರ್ ಓಡಿಬಂದು, "ಹತ್ತೇ ನಿಮಿಷ, ಮೇಡಂ" ಅಂದ. ಆ ಹತ್ತು ನಿಮಿಷ ಮುಗಿದದ್ದು ಮರುದಿನ ಮಧ್ಯಾಹ್ನ. ಸಲಿಕೆಯಲ್ಲಿ ಎತ್ತಿದರೆ ಜಾರುತ್ತವೆ, ತಳ್ಳಿದರೆ ಹರಿದು ಲೋಳೆಯಾಗಿ ಮತ್ತೆ ಅಂಟುತ್ತವೆ. ದರಿದ್ರದವು!

ಆಮೇಲೆ ಸಮುದ್ರಜೀವಿಗಳ ಬಗ್ಗೆ ಓದಿಕೊಂಡ ಹುಡುಗಿಯೊಬ್ಬಳು ಬಂದಳು. "ಪಾಪ, ಅವು ಬೇಕಂತ ಬಂದದ್ದಲ್ಲ ಮೇಡಂ. ಮಿದುಳಿಲ್ಲ, ಹೃದಯವಿಲ್ಲ. ಕೊಡೆಯ ಹಾಗೆ ಮೈ ಬಿಚ್ಚಿ ಮುಚ್ಚಿ ಈಜುತ್ತವೆ, ಸೆಳೆತಕ್ಕೆ ಎದುರಾಗಿ ಹೋಗಲಾರವು" ಅಂದಳು. ಪಾಪ ಅಂತೆ! "ಇಷ್ಟೊಂದು ಎಲ್ಲಿಂದ ಬಂದವಮ್ಮಾ?" ಅಂದೆ. ಹಡಗು ನಿಲ್ಲುವ ನಮ್ಮ ಜೆಟ್ಟಿಯ ಕಂಬಗಳಡಿಯಲ್ಲೇ ಮೊಗ್ಗಿನಷ್ಟು ಚಿಕ್ಕದಾಗಿ ಅಂಟಿಕೊಂಡು ಬೆಳೆದು, ತಟ್ಟೆ ತಟ್ಟೆಯಾಗಿ ಕಳಚಿಕೊಂಡು ಹೊರಟವಂತೆ. ಅಂದರೆ ನಾವೇ ಸಾಕಿದ್ದು! ಇಂಜಿನಿಯರ್ ಮುಖ ನೋಡಬೇಕಿತ್ತು ನೀನು.

ಹೋಗಲಿ ಬಿಡು. ಅಳಿಯಂದಿರು ಒಳ್ಳೆಯವರು, ನಿನ್ನ ಮನೆಯಲ್ಲಿ ಫೋನ್ ಎತ್ತುವವರು ಅವರೊಬ್ಬರೇ. ಜಗಳವಾಡಿದರೂ ಒಟ್ಟಿಗೇ ಊಟಕ್ಕೆ ಕೂರಿ. ಇಬ್ಬರೂ ನಗುನಗುತ್ತಾ ಬಾಳಿ.

ನಿನ್ನ
ಅಮ್ಮ

ತಾ.ಕ.: ಅವತ್ತು ಬಸ್ಸು ತಪ್ಪಿದ ಮೇಲೆ ಅಳಿಯಂದಿರಿಗೆ ಫೋನ್ ಮಾಡಿ, "ಮುಂದಿನ ಸಾಲಿನ ನನ್ನ ಕುರ್ಚಿಯಲ್ಲಿ ಬೇರೆ ಯಾರನ್ನಾದರೂ ಕೂರಿಸಿ, ಖಾಲಿ ಕಂಡರೆ ಅವಳು ಅಳುತ್ತಾಳೆ" ಅಂದೆ. ಅವರು, "ಅತ್ತೆ, ಅವಳು ನಿಮಗೆ ಕುರ್ಚಿ ಹಾಕಿಸಿಯೇ ಇಲ್ಲ" ಅಂದರು. ಜೆಲ್ಲಿಮೀನು ಬಂದದ್ದು ಆ ಬೆಳಿಗ್ಗೆ. ಕುರ್ಚಿಗಳನ್ನು ಹಾಕಿದ್ದು ಹಿಂದಿನ ದಿನವೇ. ನಾನು ಬರುವುದಿಲ್ಲ ಅಂತ ನಿನಗೆ ಮೊದಲೇ ಹೇಗೆ ಗೊತ್ತಾಯಿತೇ, ಚಿನ್ನಿ?